ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಆ ಮನೆಯಲ್ಲಿ ಊಟಕ್ಕೆ ಬಡಿಸಿದ ಕೂಡಲೇ ಯಾರೂ ತಟ್ಟೆಗೆ ಕೈ ಹಾಕುವಂತಿರಲಿಲ್ಲ. ಮೊದಲು ಪ್ರಾರ್ಥನೆ. ಅದೂ ಗಟ್ಟಿಯಾಗಿ, ಹೆಸರು ಹಿಡಿದು. ಈ ಕ್ರಮ ಹಾಕಿಕೊಟ್ಟವರು ಅಜ್ಜಿಯ ಗಂಡ. ಇಸ್ತ್ರಿ ಅಂಗಡಿ ಇಟ್ಟಿದ್ದವರು. ಅರ್ಧ ಬೀದಿಯ ಬಟ್ಟೆ ಅವರ ಮೇಜಿನ ಮೇಲೆ ಹಾದುಹೋಗುತ್ತಿತ್ತು, ಬಟ್ಟೆಯ ಜೊತೆಗೆ ಅವರವರ ಕಷ್ಟವೂ. "ಸುಮ್ನೆ ಎಲ್ಲರನ್ನೂ ಕಾಪಾಡಪ್ಪಾ ಅಂದ್ರೆ ಅದು ಕೆಲಸ ತಪ್ಪಿಸ್ಕೊಂಡ ಹಾಗೆ. ಯಾರಿಗೆ ಏನು ಬೇಕು ಅಂತ ಬಿಡಿಸಿ ಕೇಳಿ," ಎನ್ನುತ್ತಿದ್ದರು. ಹಾಗಾಗಿ ಮೇಜಿನ ಸುತ್ತ ಕೂತ ಪ್ರತಿಯೊಬ್ಬರೂ ಗೊತ್ತಿರುವ ಯಾರಾದರೊಬ್ಬರ ಹೆಸರು ಹೇಳಿ, ಅವರ ತಾಪತ್ರಯ ಹೇಳಿ, ದೇವರ ಮುಂದೆ ಇಡಬೇಕು. ಹಾಲಿನವನ ಕುಡಿತ, ಮೇಷ್ಟರ ಮನೆಯ ಗಂಡ ಹೆಂಡಿರ ಮಾತುಬಿಟ್ಟ ಕಥೆ, ಮೂಲೆಯ ಕ್ಷೌರದಂಗಡಿಯವನ ಮೂಲವ್ಯಾಧಿ, ಎಲ್ಲವೂ ಆ ಮೇಜಿಗೆ ಬಂದುಹೋಗಿದ್ದವು. ಒಂದೂ ಹೊಸಿಲು ದಾಟಿರಲಿಲ್ಲ. ದಾಟಬಾರದೆಂದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಹೇಳಬೇಕಾದ ಮಾತು ಅದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅಂಗಡಿಯ ಜಾಗದಲ್ಲಿ ಮಗ ತನ್ನ ವ್ಯಾಪಾರ ಇಟ್ಟ. ಮೈಕ್ ಸೆಟ್, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವುದು. ಮದುವೆಯಿರಲಿ, ಸಾವಿರಲಿ, ಭಾಷಣವಿರಲಿ, ಜನ ಸೇರಿದ ಕಡೆ ಅವನ ಹಳೆಯ ವ್ಯಾನ್ ನಿಂತಿರುತ್ತಿತ್ತು. ಸೊಸೆ ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮೊಮ್ಮಗಳು ಆಗಷ್ಟೇ ಕಾಲೇಜು ಸೇರಿದ್ದಳು. ಇಸ್ತ್ರಿ ಮೇಜು ಹಿಂದಿನ ಕೋಣೆಗೆ ಹೋಯಿತು. ಅಲ್ಲಿ ಕಿಟಕಿಯ ಬೆಳಕಿಗೆ ನಿಂತು ಅಜ್ಜಿ ಒಬ್ಬರ ಬಟ್ಟೆಗಳಿಗೆ ಮಾತ್ರ ಇಸ್ತ್ರಿ ಹಾಕುತ್ತಿದ್ದಳು. ಅದು ಹಿತ್ತಲಿನ ಮೋಟುಗೋಡೆಯಾಚೆ ಇದ್ದ ಟೈಲರಮ್ಮ ಹೊಲಿದ ಬಟ್ಟೆ. ಟೈಲರಮ್ಮ ಗಂಡನನ್ನು ಕಳೆದುಕೊಂಡವಳು. ಒಬ್ಬಳೇ ಮಗಳು. ಇವರ ಚರ್ಚಿನವಳಲ್ಲ, ಅವಳ ದೇವರು ಬೇರೆ. ಅದನ್ನು ಅಜ್ಜಿ ಕೆದಕಿ ಕೇಳಿದವಳಲ್ಲ. ಹೊಲಿದ ಬಟ್ಟೆಯ ಗಂಟು ಗೋಡೆಯ ಮೇಲೆ ಬರುತ್ತಿತ್ತು, ಮಡಿಸಿದ ಬಟ್ಟೆ ಗೋಡೆಯ ಮೇಲೆ ಹೋಗುತ್ತಿತ್ತು. ಜೊತೆಗೆ ಒಂದು ಲೋಟ ಚಹಾ, ಒಂದು ತಟ್ಟೆ ಪಲ್ಯ, ಎರಡು ಬೈಗುಳ.

ಬೀದಿಯ ಚರಂಡಿ ಕಟ್ಟಿಕೊಂಡು ಮನೆಮನೆಗೆ ನೀರು ನುಗ್ಗಿದ ವರ್ಷ, ಹೆಂಗಸರನ್ನು ಕರೆದುಕೊಂಡು ಹೋಗಿ ನಗರಸಭೆ ಕಚೇರಿಯ ಬಾಗಿಲಲ್ಲಿ ಕೂತವಳು ಟೈಲರಮ್ಮ. ಅದಕ್ಕೇ ವಾರ್ಡಿನ ಚುನಾವಣೆ ಬಂದಾಗ ಒಂದು ಪಕ್ಷದವರು ಅವಳನ್ನು ನಿಲ್ಲಿಸಿದರು. ಎದುರು ಪಕ್ಷದಿಂದ ನಿಂತವರು ಗೋದಾಮಿನ ಯಜಮಾನರು. ಚರ್ಚಿನಲ್ಲಿ ಮೊದಲನೆಯ ಬೆಂಚು ಅವರದು. ಮಗ ಅವರ ಕಡೆ. ಗೆದ್ದರೆ ವಾರ್ಡಿನಲ್ಲಿ ನಡೆಯುವ ಎಲ್ಲ ಸಮಾರಂಭಕ್ಕೂ ಇವನದೇ ಕುರ್ಚಿ, ಇವನದೇ ಮೈಕ್ ಎಂದು ಮಾತಾಗಿತ್ತು. ಅದು ಸುಳ್ಳಲ್ಲ. ಆದರೆ ಮಗನಿಗೆ ಆ ಪಕ್ಷದ ಮೇಲೆ ನಿಜವಾದ ಹುಚ್ಚು ಅಭಿಮಾನವೂ ಇತ್ತು. ಮನೆಯ ಮೇಲೆ ಬಾವುಟ ಕಟ್ಟಿದ್ದ. ಚಹಾದ ಅಂಗಡಿಯಿಂದ ಹಿಡಿದು ಸ್ತೋತ್ರಗೀತೆ ಹಾಡುವ ಗುಂಪಿನವರೆಗೆ ಬೀದಿ ಎರಡಾಗಿತ್ತು. ಹಾಡುವವರು ಒಂದೇ ಪುಸ್ತಕ ಹಿಡಿದು ಬೇರೆ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು.

"ಅಮ್ಮ, ಎದುರು ಪಾರ್ಟಿಯವರ ಬಟ್ಟೆಗೆ ನಮ್ಮನೆ ಇಸ್ತ್ರಿನಾ? ಜನ ನನ್ನ ಮುಖ ನೋಡಿ ನಗ್ತಾರೆ," ಎಂದ ಮಗ, ಒಂದು ದಿನ ಊಟದ ಹೊತ್ತಿಗೆ.

"ಅದು ಶಾಲೆ ಮಕ್ಕಳ ಯೂನಿಫಾರಂ ಕಣೋ. ಅದಕ್ಯಾವ ಪಾರ್ಟಿ?"

"ಹೊಲಿದಿದ್ದು ಯಾರು?"

ಸೊಸೆ ಸಾರಿನ ಸೌಟು ಕೆಳಗಿಟ್ಟಳು. "ನೀವು ಹಾಕ್ಕೊಂಡಿರೋ ಪ್ಯಾಂಟಿನ ಉದ್ದ ಕಮ್ಮಿ ಮಾಡಿ ಕೊಟ್ಟಿದ್ದು ಯಾರ್ರೀ? ಬಿಚ್ಚಿ ವಾಪಸ್ ಕೊಟ್ಟು ಬನ್ನಿ ಹಾಗಾದ್ರೆ."

ಮೊಮ್ಮಗಳಿಗೆ ನಗು ಬಂದು ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

"ನಗು, ನಗು. ನಿಮ್ಮಮ್ಮಂಗೆ ನಾಲಿಗೆ ಇರೋದು ಫ್ಯಾಕ್ಟರಿಯವರಿಗೆ ಗೊತ್ತಿದ್ಯಾ? ಬ್ರೆಡ್ ಕೊಯ್ಯೋಕೆ ಬೇರೆ ಮಿಷಿನ್ನೇ ಬೇಡ," ಎಂದು ಮಗನೂ ನಕ್ಕ. ಆ ದಿನ ಮಾತು ಅಲ್ಲಿಗೆ ಮುಗಿಯಿತು.

ಟೈಲರಮ್ಮನ ಮಗಳನ್ನು ಬೀದಿಯೆಲ್ಲ ಗುಬ್ಬಿ ಎಂದು ಕರೆಯುತ್ತಿತ್ತು. ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವಳು. ಚಿಕ್ಕವಳಿದ್ದಾಗ ಗೋಡೆ ಹಾರಿ ಬಂದು ಇಸ್ತ್ರಿ ಮೇಜಿನ ಕೆಳಗೆ ಮಲಗುತ್ತಿದ್ದವಳು. ಕೆಲವು ತಿಂಗಳಿಂದ ಅವಳು ಕಾಣುತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ ಎಂದು ತಾಯಿ ಹೇಳಿದ್ದಳು. ಒಂದು ಮಧ್ಯಾಹ್ನ ಟೈಲರಮ್ಮ ಗಂಟನ್ನು ಗೋಡೆಯ ಮೇಲಿಡದೆ ತಾನೇ ತಂದಳು. ಸ್ಟೂಲಿನ ಮೇಲೆ ಕೂತಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ದೊಡ್ಡಮ್ಮ, ಒಂದು ಮಾತು. ಹೊಟ್ಟೇಲಿ ಇಟ್ಕೊಬೇಕು."

"ಹೇಳು."

"ಗುಬ್ಬಿ ಹಾಸ್ಟೆಲಲ್ಲಿಲ್ಲ."

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಸ್ವಿಚ್ ಆರಿಸಿದಳು.

"ಆಸ್ಪತ್ರೇಲಿದಾಳೆ. ಬಸ್ ಡಿಪೋ ಆಚೆಯದ್ರಲ್ಲಿ. ಮನಸ್ಸಿಗೆ ಹುಷಾರಿಲ್ಲ. ನಿದ್ದೆ ಬಿಟ್ಲು, ಊಟ ಬಿಟ್ಲು. ಗೋಡೆ ಒಳಗಿಂದ ಯಾರೋ ನನ್ನ ಬಯ್ತಾರೆ ಅಮ್ಮ ಅಂತಿದ್ಲು. ನಾನೇ ಕರ್ಕೊಂಡ್ಹೋಗಿ ಸೇರಿಸ್ದೆ. ಈಗ ಪರವಾಗಿಲ್ಲ, ಊಟ ಮಾಡ್ತಾಳೆ. ಇನ್ನೊಂದಷ್ಟು ದಿನಕ್ಕೆ ಮನೆಗೆ ಕಳಿಸ್ತೀವಿ ಅಂದಿದಾರೆ ಡಾಕ್ಟ್ರು."

"ಇಷ್ಟು ದಿನ ಒಬ್ಳೇ ಹೊತ್ಕೊಂಡು ತಿರುಗ್ದೆಯಾ?"

"ಇನ್ನೇನು ಮಾಡ್ಲಿ? ಅವಳಿಗಿರೋದು ಒಂದೇ ಹೆದರಿಕೆ. ಹೋದಾಗೆಲ್ಲ ಕೇಳ್ತಾಳೆ, ಬೀದೀಲಿ ಗೊತ್ತಾಯ್ತಾ ಅಮ್ಮ, ಏನಂತಾರೆ ಅಮ್ಮ ಅಂತ. ಯಾರಿಗೂ ಗೊತ್ತಿಲ್ಲ ಅಂದ್ರೆ ಬರ್ತಾಳಂತೆ. ಗೊತ್ತಾಗಿದ್ರೆ ಈ ಕಡೆ ಕಾಲಿಡಲ್ವಂತೆ. ನಾನು ಸೋಲಲಿ, ಗೆಲ್ಲಲಿ, ಮಗು ಮನೆಗೆ ಬಂದ್ರೆ ಸಾಕು."

ಅಜ್ಜಿ ಅವಳ ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಏಳುವಾಗ ಟೈಲರಮ್ಮ ಮುಖ ಒರೆಸಿಕೊಂಡು ನಕ್ಕಳು. "ನಿಮ್ಮ ಪ್ರಾರ್ಥನೇಲಿ ಅವಳಿಗೂ ಒಂದು ಮಾತು ಸೇರಿಸಿ ದೊಡ್ಡಮ್ಮ. ನಿಮ್ಮ ದೇವರಿಗೆ ನಮ್ಮನೆ ಅಡ್ರೆಸ್ ಗೊತ್ತಿದ್ಯೋ ಇಲ್ವೋ."

"ಗೋಡೆ ಆಚೆ ತಾನೇ? ನಾನು ತೋರಿಸ್ತೀನಿ ಬಿಡು."

ಆ ಸಂಜೆ ಊಟಕ್ಕೆ ಅನ್ನ, ಸೊಪ್ಪಿನ ಸಾರು, ಬೇಯಿಸಿದ ಮೊಟ್ಟೆ. ಮೊಮ್ಮಗಳು ಜ್ವರ ಬಂದ ಗೆಳತಿಗಾಗಿ ಪ್ರಾರ್ಥಿಸಿದಳು. ಸೊಸೆ ಬೆನ್ನುನೋವಿನ ಜೊತೆಗಾತಿಯನ್ನು ನೆನೆದಳು. ಮಗ ಗೋದಾಮಿನ ಯಜಮಾನರ ಹೆಸರು ಹೇಳಿ, ಅವರಿಗೆ ಗೆಲುವು ಕೊಡು ಕರ್ತನೇ ಎಂದ.

"ಅವರಿಗೇನು ಕಷ್ಟ ಅಂತ?" ಎಂದಳು ಸೊಸೆ, ಕಣ್ಣು ಮುಚ್ಚಿಕೊಂಡೇ.

"ಪ್ರಾರ್ಥನೇಲಿ ಬಾಯಿ ಹಾಕ್ಬೇಡ."

ಅಜ್ಜಿಯ ಸರದಿ ಬಂತು. ಹೊಟ್ಟೆಯಲ್ಲಿ ಇಟ್ಟುಕೋ ಎಂದದ್ದು ಅವಳಿಗೆ ಮರೆತಿರಲಿಲ್ಲ. ಆದರೆ ಆ ಮೇಜು ಅವಳ ಲೆಕ್ಕದಲ್ಲಿ ಹೊರಗಿನದಾಗಿರಲಿಲ್ಲ. ಪ್ರಾರ್ಥನೆಗೆ ಸೇರಿಸು ಎಂದರೆ ಅವಳಿಗೆ ತಿಳಿದದ್ದು ಅದೊಂದೇ ಬಗೆ.

"ಕರ್ತನೇ, ಗೋಡೆಯಾಚೆ ನಮ್ಮ ಟೈಲರಮ್ಮನ ಮಗಳು ಗುಬ್ಬಿ ಆಸ್ಪತ್ರೇಲಿದಾಳೆ. ಅವಳ ಮನಸ್ಸು ದಣಿದಿದೆ. ಮಗು ಹೆದರ್ಕೊಂಡಿದೆ. ಅದಕ್ಕೆ ನಿದ್ದೆ ಕೊಡು. ಮನೆಗೆ ಬರೋ ಧೈರ್ಯ ಕೊಡು. ಆಮೆನ್."

"ಆಮೆನ್," ಎಂದರು ಎಲ್ಲರೂ.

"ಅಜ್ಜಿ, ಹಾಸ್ಟೆಲಲ್ಲಿ ಅಂದಿದ್ರಲ್ಲ..." ಎಂದಳು ಮೊಮ್ಮಗಳು.

"ಸುಮ್ನೆ ಊಟ ಮಾಡು."

ಮಗ ಮೊಟ್ಟೆಯ ಸಿಪ್ಪೆ ಬಿಡಿಸುತ್ತ ಕೇಳಿದ, "ಯಾವ ಆಸ್ಪತ್ರೆಯಂತಮ್ಮ?"

"ಬಸ್ ಡಿಪೋ ದಾಟಿದ್ಮೇಲೆ ಬರುತ್ತಲ್ಲ, ಮನಸ್ಸಿನ ಕಾಯಿಲೆಯವರದ್ದು."

"ಪಾಪ," ಎಂದ ಮಗ. ಅವನ ಬಾಯಲ್ಲಿ ಗೋಡೆಯಾಚೆಯವರ ಬಗ್ಗೆ ಒಳ್ಳೆಯ ಮಾತು ಬಂದು ಎಷ್ಟೋ ವಾರಗಳಾಗಿದ್ದವು. ಅಜ್ಜಿಗೆ ಸಮಾಧಾನವಾಯಿತು. ತನ್ನ ಮೊಟ್ಟೆಯಲ್ಲಿ ಅರ್ಧ ಅವನ ತಟ್ಟೆಗೆ ಹಾಕಿದಳು.

ಕೆಲವು ದಿನ ಕಳೆದವು. ಭಾನುವಾರ ಮಧ್ಯಾಹ್ನ ಬೀದಿಯ ಮೂಲೆಯಲ್ಲಿ ಸಭೆ ಸೇರಿತು. ಅಜ್ಜಿ ಹಿಂದಿನ ಕೋಣೆಯಲ್ಲಿ ಯೂನಿಫಾರಂ ಅಂಗಿಯ ಕಾಲರ್ ತಿಕ್ಕುತ್ತಿದ್ದಳು. ಮಾತಿಗಿಂತ ಮುಂಚೆ ಗೊರಗೊರ ಎನ್ನುವ ಸದ್ದು ಕೇಳಿತು. ಅದು ಮಗನ ದೊಡ್ಡ ಪೆಟ್ಟಿಗೆಯ ಸದ್ದು. ಆ ಸ್ಪೀಕರ್ ಹಾಗೆಯೇ ಕೆಮ್ಮಿಕೊಂಡು ಶುರುವಾಗುತ್ತಿತ್ತು. ಯಜಮಾನರ ಪರವಾಗಿ ಯಾರೋ ಮಾತಾಡುತ್ತಿದ್ದರು. ರಸ್ತೆ, ನೀರು, ದೀಪ ಎಲ್ಲ ಆಯಿತು. ಆಮೇಲೆ ದನಿ ಏರಿತು.

"ಎದುರಿಗೆ ನಿಂತಿರೋ ಆಯಮ್ಮ ನಿಮಗೆಲ್ಲ ತಾಯಿ ಥರ ಅಂತ ಹೇಳ್ಕೊಂಡು ತಿರುಗ್ತಿದಾರೆ. ಹೆತ್ತ ಮಗಳು ಹಾಸ್ಟೆಲಲ್ಲಿದಾಳೆ ಅಂತ ನಿಮಗೆ ಹೇಳಿದ್ರಲ್ಲ? ಹೋಗಿ ನೋಡಿ ಸ್ವಾಮಿ, ಬಸ್ ಡಿಪೋ ಆಚೆ! ಹುಚ್ಚಾಸ್ಪತ್ರೇಲಿ! ಮನೇಲಿ ಹುಚ್ಚೀನ ಬಚ್ಚಿಟ್ಕೊಂಡು ಬೀದಿಗೆ ಸುಳ್ಳು ಹೇಳೋರು ವಾರ್ಡ್ ನಡೆಸ್ತಾರಾ?"

ಜನ ನಕ್ಕರು. ಎಲ್ಲರೂ ನಗಲಿಲ್ಲ, ಆದರೆ ನಕ್ಕವರ ಸದ್ದನ್ನು ಮೈಕ್ ಹಿಡಿದುಕೊಂಡಿತು. ಗೋಡೆಯಾಚೆ ಹೊಲಿಗೆ ಯಂತ್ರ ಓಡುತ್ತಿದ್ದದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಓಡತೊಡಗಿತು, ಮೊದಲಿಗಿಂತ ಜೋರಾಗಿ.

ಅಜ್ಜಿ ಮೂಲೆಯವರೆಗೆ ನಡೆದುಹೋದಳು. ಮಗ ವ್ಯಾನಿನ ಹಿಂದೆ ಕೂತು ದನಿಯ ಗುಂಡಿ ತಿರುಗಿಸುತ್ತಿದ್ದ. ತಾಯಿಯನ್ನು ಕಂಡು ತಲೆ ತಗ್ಗಿಸಿದ. ಅವಳು ಹಾಗೇ ತಿರುಗಿ ಮನೆಗೆ ಬಂದಳು.

ಸಂಜೆ ಊಟಕ್ಕೆ ಎಲ್ಲರೂ ಕೂತರು. ಸೊಸೆ ಬಡಿಸಿದಳು. ಮಗ ಕೈ ಮುಗಿದು ಕಣ್ಣು ಮುಚ್ಚಿದ.

"ಕಣ್ಣು ಬಿಡು," ಎಂದಳು ಅಜ್ಜಿ. "ನೀನು ಹೇಳಿದ್ಯಾ?"

"ಏನನ್ನ?"

"ಅಪ್ಪ, ನಾಟಕ ಆಡ್ಬೇಡ," ಎಂದಳು ಮೊಮ್ಮಗಳು. "ಈ ಮೇಜಲ್ಲಿ ಇದ್ದಿದ್ದು ನಾವು ನಾಲ್ಕೇ ಜನ."

"ಯಜಮಾನರ ಹತ್ರ ಮಾತಿಗೆ ಮಾತು ಬಂತು, ಅಂದೆ. ಅವರು ಮೈಕಲ್ಲಿ ಹೇಳಿಸ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಮೈಕ್ ನಿಮ್ದೇ ತಾನೇ?" ಎಂದಳು ಸೊಸೆ. "ಹೇಳೋಕೆ ಶುರು ಮಾಡಿದಾಗ ಒಂದು ವೈರ್ ಕೀಳೋಕೆ ಆಗ್ಲಿಲ್ವಾ? ಮದುವೆ ಮನೇಲಿ ಬಾಡಿಗೆ ಕೊಡದೇ ಇದ್ರೆ ಹಾಡಿನ ಮಧ್ಯದಲ್ಲೇ ಕಿತ್ಕೊಂಡು ಬರ್ತೀರಿ."

"ಸುಳ್ಳು ಹೇಳಿದ್ನಾ ನಾನು? ಹೇಳಿ, ಸುಳ್ಳಾ? ಸುಳ್ಳು ಹೇಳಿದ್ದು ಅವರು. ಹಾಸ್ಟೆಲ್ ಅಂತ."

"ನಾನು ದೇವರ ಮುಂದೆ ಇಟ್ಟ ಮಾತು ಕಣೋ ಅದು," ಎಂದಳು ಅಜ್ಜಿ.

"ನನ್ನ ಮುಂದೂ ಇಟ್ಟಿದ್ಯಲ್ಲಮ್ಮ. ನನಗೂ ಕಿವಿ ಇದೆ."

"ನಿಮ್ಮಪ್ಪಂಗೂ ಕಿವಿ ಇತ್ತು."

ಮಗ ತಟ್ಟೆ ತಳ್ಳಿದ. "ಎಲ್ಲ ನಿಮಗೋಸ್ಕರಾನೇ ಒದ್ದಾಡ್ತೀನಿ. ಇವಳ ಫೀಸು, ಮನೆ ಸೂರು ಸೋರೋದು, ಯಾರು ನೋಡ್ತಾರೆ? ಟೈಲರಮ್ಮ ಗೆದ್ರೆ ನನಗೆ ಒಂದು ಕುರ್ಚಿ ಬಾಡಿಗೇನೂ ಹುಟ್ಟಲ್ಲ. ಅದನ್ನ ಪ್ರಾರ್ಥನೇಲಿ ಯಾರೂ ಹೇಳಲ್ಲ."

"ನೀನು ಕೇಳಿದ್ರೆ ಹೇಳ್ತಿದ್ದೆ," ಎಂದಳು ಅಜ್ಜಿ. ಅವಳ ದನಿ ಏರಲಿಲ್ಲ. ಆ ದಿನ ಆ ಮನೆಯಲ್ಲಿ ಪ್ರಾರ್ಥನೆಯಿಲ್ಲದೆ ಊಟವಾಯಿತು. ಊಟವೂ ಆಯಿತೆನ್ನುವ ಹಾಗಿಲ್ಲ. ಅನ್ನ ಹಾಗೇ ಪಾತ್ರೆಗೆ ಹೋಯಿತು.

ಮರುದಿನ ಬೆಳಿಗ್ಗೆ ಅಜ್ಜಿ ಹಿತ್ತಲಿನಿಂದ ಹೋಗದೆ ಬೀದಿಯ ಬಾಗಿಲಿನಿಂದ ಟೈಲರಮ್ಮನ ಮನೆಗೆ ಹೋದಳು. ಒಳಗೆ ಬನ್ನಿ ಎನ್ನಲಿ ಎಂದು ಹೊರಗೇ ನಿಂತಳು. ಟೈಲರಮ್ಮ ಹಾಗೆನ್ನಲಿಲ್ಲ. ಯಂತ್ರದ ಮುಂದೆ ಕೂತು ಹೊಲಿಯುತ್ತಲೇ ಇದ್ದಳು.

"ಮಗಳೇ, ನನ್ನಿಂದ ಆಯ್ತು."

"ಗೊತ್ತು ದೊಡ್ಡಮ್ಮ. ನಾನು ಹೇಳಿದ್ದು ನಿಮಗೊಬ್ಬರಿಗೇ."

"ಬೇಕಂತ ಹೇಳ್ಲಿಲ್ಲ ಕಣೇ. ಪ್ರಾರ್ಥನೆ ಮಾಡ್ದೆ. ಊಟಕ್ಕೆ ಕೂತಾಗ, ಎಲ್ಲರ ಜೊತೆ. ನಮ್ಮನೇಲಿ ಹಾಗೇ ಮಾಡೋದು. ಅವನು ಕೇಳಿಸ್ಕೊಂಡ."

ಯಂತ್ರ ನಿಂತಿತು. "ಗಟ್ಟಿಯಾಗಿ ಮಾಡ್ತೀರಾ?"

"ಹೂಂ."

"ಮನಸ್ಸಲ್ಲಿ ಮಾಡ್ತೀರಿ ಅಂತ ಅಂದ್ಕೊಂಡಿದ್ದೆ ನಾನು. ನಾವು ಮನಸ್ಸಲ್ಲೇ ಮಾಡೋದು. ದೇವರ ಹತ್ರ ಅಂದ್ರೆ ನಮಗೆ ಅಷ್ಟೇ, ತುಟಿ ಕೂಡ ಅಲ್ಲಾಡಲ್ಲ." ಟೈಲರಮ್ಮ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಉಗುರಿನಿಂದ ಗೀರಿದಳು. "ಇಷ್ಟು ವರ್ಷ ಒಂದೇ ಗೋಡೆಗೆ ಒರಗಿಕೊಂಡು ಕೂತಿದೀವಿ, ನಿಮ್ಮ ಮನೇಲಿ ಹೇಗೆ ಪ್ರಾರ್ಥನೆ ಮಾಡ್ತೀರಿ ಅನ್ನೋದೇ ನನಗೆ ಗೊತ್ತಿರ್ಲಿಲ್ಲ ನೋಡಿ."

"ನನ್ನನ್ನ ಬಯ್ಯಿ."

"ಬಯ್ಯೋಕೆ ಏನಿದೆ? ನಿಮಗೆ ಒಳ್ಳೇ ಮನಸ್ಸು. ಅದು ನನಗೆ ಗೊತ್ತು. ಅದನ್ನಿಟ್ಕೊಂಡು ನಾನೇನು ಮಾಡ್ಲಿ? ನೆನ್ನೆ ಸಂಜೆ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಗೆ ಆಗ್ಲೇ ಸುದ್ದಿ ಹೋಗಿದೆ. ಅಡಿಗೆಯವಳ ತಮ್ಮ ಇದೇ ಬೀದಿಯವನು. ಗುಬ್ಬಿ ಗೋಡೆ ಕಡೆ ತಿರುಗಿ ಮಲಗಿದಾಳೆ. ಮನೆಗೆ ಬರಲ್ವಂತೆ." ಅವಳು ಎದ್ದು ಮೂಲೆಯಲ್ಲಿದ್ದ ಗಂಟನ್ನು ಕಾಲಿನಿಂದ ಒಳಕ್ಕೆ ಸರಿಸಿದಳು. "ಇಸ್ತ್ರಿಗೆ ಇನ್ಮೇಲೆ ಬೇರೆ ಕಡೆ ಕೊಡ್ತೀನಿ ದೊಡ್ಡಮ್ಮ. ತಪ್ಪು ತಿಳ್ಕೋಬೇಡಿ."

ಆ ವಾರಗಳಲ್ಲಿ ಮನೆಯ ನಡೆ ಬದಲಾಯಿತು. ಮೊಮ್ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಅವನ ಎದುರಿಗೇ ತಾಯಿಗೆ ಹೇಳುತ್ತಿದ್ದಳು: "ಅಮ್ಮ, ಫೀಸಿಗೆ ಸೈನು ಬೇಕು, ಮೈಕ್ ಸೆಟ್‌ನವರಿಗೆ ಹೇಳು." ಕಾಲೇಜಿನಿಂದ ಬರುವಾಗ ಆಸ್ಪತ್ರೆಗೆ ಹೋಗಿ ಗುಬ್ಬಿಯ ಮಂಚದ ಹತ್ತಿರ ಕೂತು ಬರುತ್ತಿದ್ದಳು. ಮೊದಲ ಸಲ ಗುಬ್ಬಿ ಗೋಡೆಯ ಕಡೆಯಿಂದ ಇತ್ತ ಮುಖ ತಿರುಗಿಸಲಿಲ್ಲ. ಎರಡನೆಯ ಸಲವೂ ಇಲ್ಲ. ಆಮೇಲೆ ಒಂದು ದಿನ ಬಾಚಣಿಗೆ ಕೇಳಿದಳಂತೆ. ಸೊಸೆ ಫ್ಯಾಕ್ಟರಿಯಿಂದ ತಂದ ಬಿಸಿ ಬ್ರೆಡ್ ಒಂದನ್ನು ಗೋಡೆಯ ಮೇಲೆ ಇಟ್ಟು ನೋಡಿದಳು. ಅದು ಸಂಜೆಯವರೆಗೂ ಅಲ್ಲೇ ಇತ್ತು. ಇರುವೆ ಮುತ್ತಿದ ಮೇಲೆ ಒಳಗೆ ತಂದಳು.

ಅಜ್ಜಿ ಚರ್ಚಿಗೆ ಹೋದಳು. ಆ ಭಾನುವಾರ ಪಾದ್ರಿಗಳು ನೆರೆಯವರನ್ನು ಪ್ರೀತಿಸುವ ವಿಷಯವನ್ನೇ ಎತ್ತಿಕೊಂಡಿದ್ದರು. ಚೆನ್ನಾಗಿ ಮಾತಾಡಿದರು. ಮೊದಲ ಬೆಂಚಿನಲ್ಲಿ ಯಜಮಾನರು ತಲೆದೂಗಿದರು. ಎಲ್ಲ ಮುಗಿದ ಮೇಲೆ ಅಜ್ಜಿ ಪಾದ್ರಿಗಳ ಕೋಣೆಯ ಬಾಗಿಲಲ್ಲಿ ನಿಂತಳು.

"ಅಯ್ಯನೋರೇ, ಯಜಮಾನರು ಟೈಲರಮ್ಮನ ಹತ್ರ ಹೋಗಿ ಒಂದು ತಪ್ಪಾಯ್ತು ಅನ್ನೋ ಹಾಗೆ ಮಾಡಿ. ಆ ಹುಡುಗಿ ಮನೆಗೆ ಬರೋಕಾದ್ರೂ ದಾರಿಯಾಗುತ್ತೆ."

ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. "ನನಗೂ ಬೇಜಾರಾಗಿದೆಯಮ್ಮ. ಆದ್ರೆ ಈಗ ಚುನಾವಣೆ ಸಮಯ. ನಾನು ಏನಂದ್ರೂ ಒಂದು ಕಡೆಯವರಿಗೆ ಅಂದ ಹಾಗಾಗುತ್ತೆ. ಮುಗೀಲಿ, ಕೂರಿಸಿ ಸಮಾಧಾನ ಮಾಡೋಣ."

"ಮುಗಿದ್ಮೇಲೆ ಮಾಡಿದ್ರೆ ಯಾರಿಗೆ ಬೇಕು?"

"ನೀವು ಪ್ರಾರ್ಥನೆ ಮಾಡಿ."

"ಮಾಡಿದ್ದೇ ಇಲ್ಲಿಗೆ ಬಂದು ನಿಂತಿದೆ ಅಯ್ಯನೋರೇ," ಎಂದು ಅಜ್ಜಿ ಮೆಟ್ಟಿಲಿಳಿದಳು. ಆವರಣದ ಹೊಸ ಗೇಟಿನ ಮೇಲೆ ಯಜಮಾನರ ಹೆಸರು ಬರೆದಿತ್ತು. ಅವಳಿಗೆ ಓದು ಅಷ್ಟಾಗಿ ಬಾರದು. ಆದರೆ ಆ ಹೆಸರು ಈಗ ಬೀದಿಯ ಎಲ್ಲ ಗೋಡೆಯ ಮೇಲೂ ಇದ್ದುದರಿಂದ ಗುರುತು ಸಿಕ್ಕಿತು.

ಮತದಾನವಾಯಿತು. ಯಜಮಾನರು ಗೆದ್ದರು. ಟೈಲರಮ್ಮ ಸೋತಳು, ಸೋತ ದಿನವೂ ಹೊಲಿದಳು.

ಗೆದ್ದವರ ಊಟ ಮಗನ ಅಂಗಡಿಯ ಮುಂದೆಯೇ ನಡೆಯಿತು. ಶಾಮಿಯಾನ ಹಾಕಿ, ಕುರ್ಚಿಗಳನ್ನು ತೊಳೆದು ಸಾಲಾಗಿಟ್ಟಿದ್ದ. ಮಾಂಸ ಬೇಯುವ ವಾಸನೆ ಬೀದಿಯ ತುದಿಯವರೆಗೂ ಹೋಗಿತ್ತು. ಯಜಮಾನರು ಬಂದರು, ಪಾದ್ರಿಗಳು ಬಂದರು. ಮಗ ಹೊಸ ಅಂಗಿ ಹಾಕಿಕೊಂಡು ಓಡಾಡುತ್ತಿದ್ದ. ಆ ಅಂಗಿಗೆ ಅವನೇ ಇಸ್ತ್ರಿ ಹಾಕಿಕೊಂಡಿದ್ದ. ಬೆನ್ನಿನ ಮೇಲೆ ಎರಡು ಗೆರೆ ಎದ್ದಿದ್ದವು. ಎಲ್ಲರೂ ಕೂತ ಮೇಲೆ ಯಜಮಾನರು ಹೇಳಿದರು, "ಹಿರಿಯರು ಪ್ರಾರ್ಥನೆ ಮಾಡ್ಲಿ. ಅಮ್ಮನವರನ್ನ ಕರೀರಿ. ಈ ಮನೆ ಪ್ರಾರ್ಥನೆ ಬಹಳ ಒಳ್ಳೇದು ಅಂತ ಕೇಳಿದೀನಿ."

ಮಗ ತಾಯಿಯ ಕಡೆ ನೋಡಿದ. ಬೇಡಿಕೊಳ್ಳುವ ನೋಟ. ಅವಳ ಬಾಯಿಯ ಹತ್ತಿರ ಮೈಕ್ ತಂದು ಹಿಡಿದ.

ಅಜ್ಜಿ ಎದ್ದು ನಿಂತಳು. ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

"ನಾನು ಮಾಡಲ್ಲ. ಈ ಮನೇಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದ್ರೆ ಅದು ಗೋದಾಮಿಗೆ ಹೋಗುತ್ತೆ, ಅಲ್ಲಿಂದ ಮೈಕಿಗೆ ಹೋಗುತ್ತೆ. ನಿಮ್ಮಲ್ಲಿ ಯಾರಿಗಾದ್ರೂ ಕಷ್ಟ ಇದ್ರೆ ನನಗೆ ಹೇಳ್ಬೇಡಿ. ನೀವೇ ದೇವರಿಗೆ ಹೇಳ್ಕೊಳ್ಳಿ. ಊಟ ಮಾಡಿ, ಆರಿಹೋಗುತ್ತೆ."

ಸರಿಸಿದ್ದರೂ ಮೈಕ್ ಎಲ್ಲವನ್ನೂ ಹಿಡಿದಿತ್ತು. ಬೀದಿಗೆಲ್ಲ ಕೇಳಿಸಿತು. ಯಾರೋ ಕೆಮ್ಮಿದರು. ಪಾದ್ರಿಗಳು ಎದ್ದು, ಅವಸರದಲ್ಲಿ, ಎಲ್ಲರನ್ನೂ ಕಾಪಾಡು ಎಂದು ಪ್ರಾರ್ಥಿಸಿ ಕೂತರು.

ಜನ ಹೋದ ಮೇಲೆ ಮಗ ಒಳಗೆ ಬಂದ. "ಮನೆ ಮಾತನ್ನ ಬೀದಿಗೆ ಹಾಕಿದ್ಯಲ್ಲಮ್ಮ. ನಿನ್ನ ಮಗ ಕಣಮ್ಮ ನಾನು."

ಪಾತ್ರೆ ಉಜ್ಜುತ್ತಿದ್ದ ಸೊಸೆ ಕೈ ನಿಲ್ಲಿಸಿದಳು. ಮೊಮ್ಮಗಳು ಅಪ್ಪನನ್ನೇ ನೋಡಿದಳು. ತಾನು ಹೇಳಿದ ಮಾತು ಏನೆಂದು ಅವನಿಗೂ ತಿಳಿದಿರಬೇಕು. ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಎಸೆದು ಹಿತ್ತಲಿಗೆ ಹೋದ.

"ಅದಕ್ಕೇ ನೋವು," ಎಂದಳು ಅಜ್ಜಿ, ಯಾರಿಗೂ ಅಲ್ಲದ ಹಾಗೆ. "ಬೇರೆಯವರ ಮಗ ಆಗಿದ್ರೆ ಬಯ್ದು ಮರೀತಿದ್ದೆ."

ಯಜಮಾನರು ಮಾತು ಕೊಟ್ಟಿದ್ದರೂ ವಾರ್ಡಿನ ಮೊದಲ ಸಮಾರಂಭದ ಕುರ್ಚಿ ಬಾಡಿಗೆ ಬೇರೆಯವನಿಗೆ ಹೋಯಿತು. ಮುಂದಿನ ಸಲ ನೋಡೋಣ ಎಂದರಂತೆ. ಮಗ ಅದನ್ನು ಮನೆಯಲ್ಲಿ ಹೇಳಲಿಲ್ಲ. ಮಡಿಸಿಟ್ಟ ಶಾಮಿಯಾನ ಅಂಗಡಿಯಲ್ಲೇ ಬಿದ್ದಿದ್ದನ್ನು ಕಂಡು ಎಲ್ಲರಿಗೂ ತಿಳಿಯಿತು. ಆ ಬಗ್ಗೆ ಸೊಸೆ ಕೂಡ ಒಂದು ಚುಚ್ಚುಮಾತು ಆಡಲಿಲ್ಲ.

ಗುಬ್ಬಿ ಬಂದದ್ದು ಹಗಲು ಹೊತ್ತಿನಲ್ಲಿ. ಬೀದಿಯ ತುದಿಯಲ್ಲಿ ಬಸ್ಸಿಳಿದು ತಾಯಿ ಮಗಳು ನಡೆದುಕೊಂಡೇ ಬಂದರು. ಚಹಾದ ಅಂಗಡಿಯಲ್ಲಿ ಮಾತು ನಿಂತಿತು. ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು, "ಬಾಮ್ಮ, ಚೆನ್ನಾಗಿದೀಯಾ?" ಎಂದ. ಇನ್ನು ಕೆಲವರು ಬಾಗಿಲು ಎಳೆದುಕೊಂಡರು. ಟೈಲರಮ್ಮ ಯಾರ ಕಡೆಯೂ ನೋಡದೆ ಚೀಲ ಹೊತ್ತು ನಡೆದಳು.

ಮಧ್ಯಾಹ್ನ ಅಜ್ಜಿ ಹಿತ್ತಲಿನಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಮಗ ಅಲ್ಲೇ ನೆಲದ ಮೇಲೆ ಕೂತು ವೈರುಗಳನ್ನು ಸುರುಳಿ ಸುತ್ತುತ್ತಿದ್ದ. ಗುಬ್ಬಿ ಗೋಡೆಯ ಹತ್ತಿರ ಬಂದಳು. ಸ್ವಲ್ಪ ಸೊರಗಿದ್ದಳು. ತಲೆ ಬಾಚಿ ಬಿಗಿಯಾಗಿ ಜಡೆ ಹಾಕಿಕೊಂಡಿದ್ದಳು.

ಮಗ ಎದ್ದುನಿಂತ. ಏನು ಮಾಡುವುದೆಂದು ತಿಳಿಯದೆ, "ಹೇಗಿದೀಯಮ್ಮ ಗುಬ್ಬಿ?" ಎಂದ.

"ಮೈಕ್ ಕೊಡಿ ಮಾಮ, ಹೇಳ್ತೀನಿ."

ಅವನು ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಅರ್ಧ ಸುತ್ತಿದ ತುದಿ ಹಿಂದೆ ಎಳೆದುಕೊಂಡು ಹೋಯಿತು.

ಗುಬ್ಬಿ ಎರಡೂ ಕೈ ಗೋಡೆಯ ಮೇಲಿಟ್ಟಳು. "ಅಜ್ಜಿ, ನೀವು ನನಗೋಸ್ಕರ ಪ್ರಾರ್ಥನೆ ಮಾಡಿದ್ರಂತೆ. ಅಮ್ಮ ಹೇಳಿದ್ಲು."

"ಮಾಡ್ದೆ ಮಗಳೇ. ಬೀದಿಗೆಲ್ಲ ಗೊತ್ತಾಗಿದ್ದು ಅದರಿಂದಾನೇ."

"ಅದನ್ನೂ ಹೇಳಿದ್ಲು. ಎಲ್ಲಾನೂ ಹೇಳಿದ್ಲು, ಒಂದೂ ಬಿಡದೆ. ಇನ್ನು ಯಾರಿಗೂ ಗೊತ್ತಾಗೋಕೆ ಏನೂ ಉಳಿದಿಲ್ಲ, ಎದ್ದು ಬಾ ಅಂದ್ಲು. ಅದಕ್ಕೇ ಬಂದೆ." ಅವಳು ಸ್ವಲ್ಪ ಹೊತ್ತು ಗೋಡೆಯ ಗಾರೆಯನ್ನು ಕೆರೆದಳು. "ಒಂದು ಕೇಳ್ಬೇಕಿತ್ತು. ಮೈಕಲ್ಲಿ ನನ್ನ ಹುಚ್ಚಿ ಅಂದ್ರಂತೆ. ಪ್ರಾರ್ಥನೇಲೂ ಹಾಗೇ ಅಂದ್ರಾ? ನೀವು ಏನಂತ ಹೇಳಿದ್ರಿ?"

ಅಜ್ಜಿಯ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮನಸ್ಸು ದಣಿದಿದೆ ಅಂದೆ. ಮಗು ಹೆದರ್ಕೊಂಡಿದೆ, ನಿದ್ದೆ ಕೊಡು, ಮನೆಗೆ ಬರೋ ಧೈರ್ಯ ಕೊಡು ಅಂದೆ. ಬೇರೆ ಒಂದು ಮಾತೂ ಅನ್ಲಿಲ್ಲ."

"ದಣಿದಿದೆ ಅಂದ್ರಾ?"

"ಹೂಂ."

"ಅದು ನಿಜ," ಎಂದಳು ಗುಬ್ಬಿ. ಅವಳ ಮುಖ ಒಂದಿಷ್ಟು ಸಡಿಲವಾಯಿತು. "ನಮ್ಮನೇಲಿ ಊಟ ಆಗ್ತಿದೆ. ಬರ್ತೀರಾ ಅಜ್ಜಿ?"

ಒಳಗಿನಿಂದ ಟೈಲರಮ್ಮನ ದನಿ ಬಂತು. ಸಿಟ್ಟಿನ ದನಿಯಲ್ಲ. "ಅಜ್ಜಿಗೆ ಕೆಲಸ ಇರುತ್ತೆ. ನೀನು ಬಾ."

"ಹೌದು ಮಗಳೇ, ಕೆಲಸ ಇದೆ," ಎಂದಳು ಅಜ್ಜಿ. "ನೀನು ಹೋಗಿ ಉಣ್ಣು."

ಗುಬ್ಬಿ ಒಳಗೆ ಹೋದಳು. ತಟ್ಟೆ ಇಟ್ಟ ಸದ್ದು, ನೀರು ಸುರಿದ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಅಜ್ಜಿ ಒರೆಸುವ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಹಿಂದಿನ ಕೋಣೆಗೆ ಬಂದಳು. ಅಲ್ಲಿ ಮೇಜಿನ ಮೇಲೆ ಏನೂ ಇರಲಿಲ್ಲ. ಆದರೂ ಕಿಟಕಿಯ ಬೆಳಕಿಗೆ, ಎಂದಿನ ಜಾಗದಲ್ಲಿ, ತುಟಿ ಅಲ್ಲಾಡಿಸದೆ, ಅವರ ಊಟ ಮುಗಿಯುವವರೆಗೂ ನಿಂತಿದ್ದಳು.